ಒಳ್ಳೆಯ ಮನಸ್ಸಷ್ಟೇ ಸಾಲದು, ಪಾಠದ ಕ್ರಮವೂ ಬದಲಾಗಬೇಕು

ಬೀದರ್ ಜಿಲ್ಲೆಗೆ ಸ್ವಂತ ವಿಶ್ವವಿದ್ಯಾಲಯ ಸಿಕ್ಕಿದ್ದು 2023ರಲ್ಲಿ. ಅದಕ್ಕೂ ಮೊದಲು ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿ ಬಳಿ ಇದ್ದದ್ದು ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಸಂವಿಧಾನದ 371(ಜೆ) ವಿಧಿ ಜಾರಿಯಾದ ಮೇಲೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾದವು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಔರಾದ್‌, ಕಮಲನಗರದ ಕಡೆಯ ಹೆಣ್ಣುಮಕ್ಕಳಿಗೆ ಬೀದರ್‌ಗೆ ಬಂದು ಓದಲು ಬಸ್ ಚಾರ್ಜಿನ ಚಿಂತೆ ತಪ್ಪಿತು. ಹೀಗೆ ಕಾಲೇಜಿನ ಬಾಗಿಲುಗಳು ಒಂದೊಂದಾಗಿ ತೆರೆದಿವೆ. ಆದರೆ ಬಾಗಿಲು ದಾಟಿ ಒಳಗೆ ಬಂದ ವಿದ್ಯಾರ್ಥಿ ಮೂರು ವರ್ಷ ಕೊನೆಯ ಬೆಂಚಿನಲ್ಲಿ ಬಾಯಿ ಬಿಡದೆ ಕೂತು ಹಾಗೇ ಹೊರಟುಹೋದರೆ, ಕಾನೂನು ಕೊಟ್ಟದ್ದನ್ನು ತರಗತಿ ಕಸಿದುಕೊಂಡಂತೆ. ಸರ್ಕಾರದ ಕೆಲಸ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಅಧ್ಯಾಪಕರ ಕೆಲಸ ಆರಂಭವಾಗುತ್ತದೆ.

ಎಲ್ಲರನ್ನೂ ಒಳಗೊಳ್ಳುವ ಅಧ್ಯಾಪಕರಾಗಬೇಕು ಎಂದರೆ ಬೇಡ ಎನ್ನುವವರು ಯಾರೂ ಇಲ್ಲ. ‘ನಾನು ಯಾರಿಗೂ ಭೇದ ಮಾಡುವುದಿಲ್ಲ, ನನಗೆ ಎಲ್ಲ ಮಕ್ಕಳೂ ಒಂದೇ’ ಎಂಬ ಮಾತು ಪ್ರತಿ ಸ್ಟಾಫ್‌ರೂಮಿನಲ್ಲೂ ಕೇಳಿಬರುತ್ತದೆ, ಹೇಳುವವರು ಮನಸಾರೆಯೇ ಹೇಳುತ್ತಾರೆ. ಈ ಲೇಖನದ ವಾದ ಇಷ್ಟೆ: ಆ ಒಳ್ಳೆಯ ಮನಸ್ಸು ಬೇಕು, ಆದರೆ ಅದೊಂದರಿಂದ ಕೊನೆಯ ಬೆಂಚಿಗೆ ಏನೂ ತಲುಪುವುದಿಲ್ಲ. ಪಾಠ ಹೇಳುವ ಭಾಷೆ, ಪ್ರಶ್ನೆ ಕೇಳುವ ರೀತಿ, ಅಂಕ ಕೊಡುವ ಪದ್ಧತಿ, ಹಾಜರಿಯ ನಿಯಮ, ಈ ನಾಲ್ಕರಲ್ಲಿ ಬದಲಾವಣೆ ಕಂಡರೆ ಮಾತ್ರ ಅದು ನಿಜವಾದ ಒಳಗೊಳ್ಳುವಿಕೆ. ಅಧ್ಯಾಪಕರ ಸಾಚಾತನಕ್ಕೂ ಇದೇ ಒರೆಗಲ್ಲು. ಮೊದಲ ದಿನ ಆಡಿದ ಮಾತಿಗೂ ಸೆಮಿಸ್ಟರ್ ಕೊನೆಗೆ ಕೊಟ್ಟ ಅಂಕಕ್ಕೂ ತಾಳೆಯಾದರೆ ಅವರು ಸಾಚಾ ಅಧ್ಯಾಪಕರು.

ತರಗತಿಯಲ್ಲಿ ಯಾರಿದ್ದಾರೆ?

ಬೀದರ್‌ನ ಪದವಿ ತರಗತಿಯ ಅರವತ್ತು ಮಂದಿಯಲ್ಲಿ ಮನೆಯಲ್ಲಿ ಕನ್ನಡ ಆಡುವವರಿದ್ದಾರೆ, ಮರಾಠಿ ಆಡುವವರಿದ್ದಾರೆ, ಉರ್ದು, ತೆಲುಗು, ಲಂಬಾಣಿ ಆಡುವವರಿದ್ದಾರೆ. ಹತ್ತನೆಯ ತರಗತಿವರೆಗೆ ಕೆಲವರು ಕನ್ನಡ ಮಾಧ್ಯಮದಲ್ಲಿ, ಕೆಲವರು ಮರಾಠಿ ಇಲ್ಲವೇ ಉರ್ದು ಮಾಧ್ಯಮದಲ್ಲಿ, ಇನ್ನು ಕೆಲವರು ಹೆಸರಿಗಷ್ಟೇ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದಿರುತ್ತಾರೆ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ 70.51, ರಾಜ್ಯದ ಸರಾಸರಿ ಶೇ 75.36 ಇತ್ತು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಈ ತರಗತಿಗಳಲ್ಲಿ ಧಾರಾಳವಾಗಿ ಇದ್ದಾರೆ ಎಂಬುದನ್ನು ಈ ಅಂಕಿಯೇ ಹೇಳುತ್ತದೆ. ಕ್ರೆಡಿಟ್ ಎಂದರೇನು, ಆಂತರಿಕ ಅಂಕ ಹೇಗೆ ಬರುತ್ತದೆ, ಸೆಮಿನಾರಿನಲ್ಲಿ ಏನು ಮಾಡಬೇಕು, ಅಧ್ಯಾಪಕರ ಕೊಠಡಿಗೆ ಹೋಗಿ ಸಂಶಯ ಕೇಳಬಹುದೋ ಬಾರದೋ ಎಂಬುದನ್ನು ಅಂಥವರಿಗೆ ಮನೆಯಲ್ಲಿ ಹೇಳಿಕೊಡುವವರು ಯಾರೂ ಇರುವುದಿಲ್ಲ. ಓದಿದವರ ಮನೆಯ ಮಕ್ಕಳಿಗೆ ಇದೆಲ್ಲ ಊಟದ ಹೊತ್ತಿನ ಮಾತಿನಲ್ಲೇ ತಿಳಿದುಬಿಡುತ್ತದೆ. ಎಲ್ಲರಿಗೂ ಒಂದೇ ಪಾಠ ಹೇಳಿದೆ ಎಂದಾಗ ಈ ವ್ಯತ್ಯಾಸ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಸೆಮಿಸ್ಟರಿನ ಮೊದಲ ವಾರದಲ್ಲಿ ಒಂದು ಗಂಟೆಯನ್ನು ಪಠ್ಯಕ್ಕೆ ಬಳಸದೆ ಪದ್ಧತಿ ವಿವರಿಸಲು ಮೀಸಲಿಡಬೇಕು. ಅಂಕಗಳ ಹಂಚಿಕೆ, ಒಳ್ಳೆಯ ಉತ್ತರದ ಲಕ್ಷಣ, ಸಂಶಯ ಕೇಳಲು ಬರಬೇಕಾದ ಹೊತ್ತು ಮತ್ತು ಜಾಗ, ಇವನ್ನು ಬಾಯಲ್ಲಿ ಹೇಳಿ, ಬರೆದೂ ಕೊಡಬೇಕು.

ಭಾಷೆಯ ಹಳೆಯ ಪಾಠ

ಭಾಷೆಯ ವಿಷಯದಲ್ಲಿ ಬೀದರ್‌ಗೆ ಇರುವಷ್ಟು ಅನುಭವ ರಾಜ್ಯದ ಬೇರೆ ಕಡೆ ಕಡಿಮೆ. ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ವಿಜ್ಞಾನ, ವೈದ್ಯಕೀಯ ಕಲಿಸಿತು; ಅದಕ್ಕಾಗಿ ಪುಸ್ತಕಗಳನ್ನು ಅನುವಾದಿಸುವ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಲಾಗಿತ್ತು. ಭಾರತೀಯ ಭಾಷೆಯಲ್ಲಿ ಉನ್ನತ ಶಿಕ್ಷಣ ಆಗದ ಮಾತು ಎನ್ನುವವರಿಗೆ ಅದೇ ಉತ್ತರ. ಆದರೆ ಆ ಸಾಧನೆಗೆ ಇನ್ನೊಂದು ಮುಖವೂ ಇತ್ತು. ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಅವರ ಮಕ್ಕಳು ವಿದ್ಯೆ ಬೇಕೆಂದರೆ ಮೊದಲು ತಮ್ಮ ಮಾತನ್ನು ಹೊರಗಿಟ್ಟು ಬರಬೇಕಾಗಿತ್ತು. ಅದೇ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದರು. ಅದನ್ನು ಭಾಷಾಭಿಮಾನದ ಕಥೆಯಾಗಿ ನೆನೆಯುವುದು ಸರಿಯೇ. ಶಿಕ್ಷಣದ ದೃಷ್ಟಿಯಿಂದ ಅದರ ತಿರುಳು ಬೇರೆ. ಮಗು ಅರ್ಥಮಾಡಿಕೊಳ್ಳುವ ಭಾಷೆ ಯಾವುದೋ ಪಾಠ ಅದರಲ್ಲಿ ನಡೆಯಬೇಕು, ಪದ್ಧತಿ ಅದಕ್ಕೆ ಅಡ್ಡ ಬಂದರೆ ಮಾಸ್ತರರೇ ದಾರಿ ಹುಡುಕಬೇಕು ಎಂಬುದನ್ನು ಅವರು ಕೆಲಸದಲ್ಲಿ ತೋರಿಸಿದರು. ಇಂದು ಉರ್ದುವಿನ ಜಾಗದಲ್ಲಿ ಇಂಗ್ಲಿಷ್ ಕೂತಿದೆ. ಔರಾದ್‌ನ ಮರಾಠಿ ಮಾಧ್ಯಮದ ಹುಡುಗನಿಗೆ, ಬೀದರ್ ಓಣಿಯ ಉರ್ದು ಮಾಧ್ಯಮದ ಹುಡುಗಿಗೆ ಕಾಲೇಜಿನ ಕನ್ನಡವೂ ಕೆಲವೊಮ್ಮೆ ಅಷ್ಟೇ ಗಟ್ಟಿ ಗೋಡೆಯಾಗಬಹುದು. ಪಟ್ಟದ್ದೇವರ ಪಾಠವನ್ನು ಕನ್ನಡದವರು ತಮಗಷ್ಟೇ ಅನ್ವಯಿಸಿಕೊಂಡರೆ ಅರ್ಧ ಮಾತ್ರ ಕಲಿತಂತೆ.

ಹಾಗಾದರೆ ಒಬ್ಬ ಅಧ್ಯಾಪಕರು ಐದು ಭಾಷೆಯಲ್ಲಿ ಪಾಠ ಮಾಡಲು ಸಾಧ್ಯವೆ? ಇಲ್ಲ, ಅದರ ಅಗತ್ಯವೂ ಇಲ್ಲ. ಮೊದಲ ದಿನವೇ ಒಂದು ಚೀಟಿಯಲ್ಲಿ ಪ್ರತಿ ವಿದ್ಯಾರ್ಥಿಯೂ ಶಾಲೆ ಓದಿದ ಮಾಧ್ಯಮ ಮತ್ತು ಮನೆಮಾತು ಬರೆದುಕೊಡಲಿ. ಪ್ರತಿ ಘಟಕದ ಹತ್ತು ಮುಖ್ಯ ಪಾರಿಭಾಷಿಕ ಪದಗಳನ್ನು ಇಂಗ್ಲಿಷ್‌ನಲ್ಲಿ ಬರೆದು, ಪಕ್ಕದಲ್ಲಿ ಕನ್ನಡ, ಮರಾಠಿ, ಉರ್ದು ಸಮಾನ ಪದಗಳನ್ನು ವಿದ್ಯಾರ್ಥಿಗಳೇ ತುಂಬಿಸಲಿ. ಗುಂಪು ಚರ್ಚೆ ಅವರವರ ಭಾಷೆಯಲ್ಲಿ ನಡೆಯಲಿ. ತೀರ್ಮಾನವನ್ನು ಮಾತ್ರ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಲಿ. ಪಾಠ ಇಂಗ್ಲಿಷ್‌ನಲ್ಲಿ ನಡೆದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಅವಕಾಶ ಕೊಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲೇ ವಿಶ್ವವಿದ್ಯಾಲಯಗಳನ್ನು ಕೋರಿದೆ. ತಮ್ಮ ಕೋರ್ಸಿಗೆ ಆ ಅವಕಾಶ ಇದೆಯೇ ಎಂದು ವಿಚಾರಿಸಿ ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸುವುದು ಅಧ್ಯಾಪಕರ ಕರ್ತವ್ಯ. ‘ತಿಳೀಲಿಲ್ರಿ ಸರ್’ ಎಂದು ಎದ್ದು ನಿಂತವನ ಬೀದರ್ ಕನ್ನಡವನ್ನು ಅಲ್ಲೇ ತಿದ್ದಲು ಹೋಗಬಾರದು. ಅವನು ಕೇಳಿದ್ದು ವಿಷಯವನ್ನು. ತಿದ್ದಿದ್ದು ಅವನ ಮಾತನ್ನಾದರೆ ಆ ವಿದ್ಯಾರ್ಥಿ ಮತ್ತೆ ಎದ್ದು ನಿಲ್ಲುವುದಿಲ್ಲ, ಅವನನ್ನು ನೋಡಿದ ಹತ್ತು ಮಂದಿಯೂ ನಿಲ್ಲುವುದಿಲ್ಲ.

ಅಂಕ, ಜಾತಿ ಮತ್ತು ಕಾಣದ ಭೇದ

ಒಳ್ಳೆಯ ಮನಸ್ಸು ಸಾಲದು ಎಂಬುದಕ್ಕೆ ಬಲವಾದ ಪುರಾವೆ ಭಾರತದಲ್ಲೇ ನಡೆದ ಎರಡು ಅಧ್ಯಯನಗಳಲ್ಲಿ ಸಿಗುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಯ ಬಾಲಕರಿಗೆ ದಾರಿ ಹುಡುಕುವ ಒಗಟಿನ ಚಿತ್ರಗಳನ್ನು ಬಿಡಿಸಲು ಕೊಟ್ಟರು. ಜಾತಿ ಹೇಳದೆ ಬಿಡಿಸಿದಾಗ ಮೇಲ್ಜಾತಿ, ಕೆಳಜಾತಿ ಎನ್ನಿಸಿಕೊಂಡ ಮಕ್ಕಳ ಸಾಧನೆಯಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಎಲ್ಲರ ಎದುರು ಹೆಸರಿನೊಂದಿಗೆ ಜಾತಿ ಓದಿ ಹೇಳಿದ ಮೇಲೆ ಕೆಳಜಾತಿಯ ಮಕ್ಕಳ ಸಾಧನೆ ಕುಸಿಯಿತು. ಮಕ್ಕಳೂ ಅಂಥವರೇ, ಒಗಟುಗಳೂ ಅಂಥವೇ, ನಡುವೆ ಬದಲಾದದ್ದು ಒಂದು ಪ್ರಕಟಣೆ ಮಾತ್ರ. ರೇಮಾ ಹನ್ನಾ ಮತ್ತು ಲೀ ಲಿಂಡನ್ 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಉತ್ತರ ಪತ್ರಿಕೆಗಳ ಮುಖಪುಟದ ಮೇಲೆ ಜಾತಿ, ಲಿಂಗ, ವಯಸ್ಸಿನ ವಿವರಗಳನ್ನು ಯಾದೃಚ್ಛಿಕವಾಗಿ ಅಂಟಿಸಿ ಶಿಕ್ಷಕರಿಂದ ಮೌಲ್ಯಮಾಪನ ಮಾಡಿಸಲಾಯಿತು. ಕೆಳಜಾತಿಯೆಂದು ನಮೂದಾದ ಪತ್ರಿಕೆಗಳಿಗೆ ಕೊಂಚ ಕಡಿಮೆ ಅಂಕ ಬಂತು. ಆ ಭೇದ ಮುಖ್ಯವಾಗಿ ಕಂಡದ್ದು ಕೆಳಜಾತಿಗಳಿಗೆ ಸೇರಿದ ಶಿಕ್ಷಕರ ಮೌಲ್ಯಮಾಪನದಲ್ಲೇ, ಅದೂ ಮೊದಮೊದಲು ತಿದ್ದಿದ ಪತ್ರಿಕೆಗಳಲ್ಲಿ ಹೆಚ್ಚು. ಅಂಕ ಕಡಿಮೆಯಾಗಲು ದ್ವೇಷ ಇರಲೇಬೇಕೆಂದಿಲ್ಲ ಎಂದಾಯಿತು. ಮನಸ್ಸಿನಲ್ಲಿ ಕೂತ ನಿರೀಕ್ಷೆಯೇ ಪೆನ್ನನ್ನು ನಡೆಸಿಬಿಡುತ್ತದೆ.

ಇದರಿಂದ ಹೊರಡುವ ಕ್ರಮಗಳು ಸರಳ, ಖರ್ಚೂ ಇಲ್ಲ. ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ‘ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ’ ಎಂದು ಕೂಗಿ ಓದುವುದನ್ನು ಇಂದೇ ನಿಲ್ಲಿಸಬೇಕು. ಆ ಮಾಹಿತಿ ಮೊಬೈಲಿಗೆ ಸಂದೇಶವಾಗಿ ಹೋಗಬಹುದು, ಇಲ್ಲವೇ ಕಚೇರಿಯಲ್ಲಿ ಒಬ್ಬೊಬ್ಬರಿಗೇ ಹೇಳಬಹುದು. ಆಂತರಿಕ ಮೌಲ್ಯಮಾಪನದಲ್ಲಿ ಹೆಸರು ಕಾಣದಂತೆ ಮೊದಲ ಪುಟವನ್ನು ಮಡಚಿ ತಿದ್ದಬೇಕು. ಒಬ್ಬರ ಪೂರ್ತಿ ಪತ್ರಿಕೆ ಮುಗಿಸಿ ಇನ್ನೊಬ್ಬರದನ್ನು ಹಿಡಿಯುವ ಬದಲು ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯ ಪ್ರಶ್ನೆ ಎಂದು ತಿದ್ದಿದರೆ ಒಂದು ಉತ್ತರದ ಛಾಯೆ ಮುಂದಿನ ಉತ್ತರದ ಮೇಲೆ ಬೀಳುವುದಿಲ್ಲ. ಯಾವ ಅಂಶಕ್ಕೆ ಎಷ್ಟು ಅಂಕ ಎಂಬುದನ್ನು ತಿದ್ದುವ ಮೊದಲೇ ಬರೆದಿಟ್ಟುಕೊಂಡು, ಕೊನೆಗೆ ಮೊದಲು ತಿದ್ದಿದ ಹತ್ತು ಪತ್ರಿಕೆಗಳನ್ನು ಮತ್ತೊಮ್ಮೆ ನೋಡಬೇಕು. ಜಾತಿ ಕಾರಣಕ್ಕೆ ಭೇದವಾಯಿತೆಂದು ದೂರು ಕೊಡಲು ಸಮಾನ ಅವಕಾಶ ಕೋಶ ಇರಬೇಕೆಂದು ಯುಜಿಸಿಯ 2012ರ ನಿಯಮಾವಳಿ ಹೇಳಿತು. ಕೋಶಕ್ಕೆ ದೂರು ಹೋಗುವ ಹಂತಕ್ಕೆ ಬಾರದಂತೆ ನೋಡಿಕೊಳ್ಳುವುದು ತರಗತಿಯಲ್ಲಿರುವವರ ಕೈಯಲ್ಲಿದೆ.

ಪ್ರಶ್ನೆ, ಉದಾಹರಣೆ, ಸಮಯ

ಪಾಠ ಹೇಳುವ ರೀತಿಗೆ ಬರೋಣ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಗಮನಿಸಿದ ಸಂಗತಿ ಒಂದಿದೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡ್ ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದವರೂ ಮಾತಾಡುತ್ತಾರೆ. ಪ್ರಶ್ನೆಯನ್ನು ಇಂಗ್ಲಿಷ್‌ನಲ್ಲಿ ಕೇಳಿಸಿಕೊಂಡು, ಮರಾಠಿಯಲ್ಲಿ ಯೋಚಿಸಿ, ಕನ್ನಡದಲ್ಲಿ ಹೇಳಬೇಕಾದ ವಿದ್ಯಾರ್ಥಿಗೆ ಆ ಎರಡು ಸೆಕೆಂಡ್ ಎಷ್ಟು ದೊಡ್ಡದೆಂದು ಊಹಿಸಬಹುದು. ಇನ್ನೂ ಒಳ್ಳೆಯದೆಂದರೆ, ಮೊದಲು ಒಂದು ನಿಮಿಷ ಎಲ್ಲರೂ ಬರೆಯಲಿ, ಪಕ್ಕದವರ ಜೊತೆ ಮಾತಾಡಲಿ, ಆಮೇಲೆ ಒಬ್ಬರನ್ನು ಕೇಳಿ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಉಪನ್ಯಾಸ ಕೇಳಿದ ವಿಜ್ಞಾನ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅನುತ್ತೀರ್ಣರಾಗುವ ಸಾಧ್ಯತೆ ತರಗತಿಯಲ್ಲಿ ತಾವೇ ಕೆಲಸ ಮಾಡಿ ಕಲಿತವರಿಗಿಂತ ಒಂದೂವರೆ ಪಟ್ಟು ಹೆಚ್ಚಿತ್ತು. 2020ರ ಇನ್ನೊಂದು ಅವಲೋಕನ, ಇಂಥ ಕಲಿಕೆಯಿಂದ ಹಿಂದುಳಿದ ಗುಂಪುಗಳ ಮತ್ತು ಉಳಿದವರ ನಡುವಿನ ಪರೀಕ್ಷಾ ಅಂಕದ ಅಂತರ ಮೂರನೇ ಒಂದರಷ್ಟು ತಗ್ಗುತ್ತದೆ ಎಂದು ತೋರಿಸಿತು. ಇವು ಅಮೆರಿಕದ ತರಗತಿಗಳ ಲೆಕ್ಕ ಎಂಬುದು ನಿಜ. ಆದರೆ ಕಾರಣ ಎಲ್ಲ ಕಡೆಗೂ ಒಂದೇ: ಮನೆಯಲ್ಲಿ ಹೇಳಿಕೊಡುವವರು, ಟ್ಯೂಷನ್‌ಗೆ ದುಡ್ಡು ಇಲ್ಲದ ವಿದ್ಯಾರ್ಥಿಗೆ ಕಲಿಯಲು ತರಗತಿಯ ಆ ಒಂದು ಗಂಟೆ ಬಿಟ್ಟರೆ ಬೇರೆ ಹೊತ್ತಿಲ್ಲ.

ಉದಾಹರಣೆಗಳನ್ನು ಊರಿನಿಂದಲೇ ಎತ್ತಿಕೊಂಡರೆ ಪಾಠ ಹಗುರವಾಗುವುದಿಲ್ಲ, ಗಟ್ಟಿಯಾಗುತ್ತದೆ. ರಸಾಯನಶಾಸ್ತ್ರದ ಅಧ್ಯಾಪಕರು ಲೋಹಗಳ ಕ್ರಿಯಾಶೀಲತೆ ಹೇಳಬೇಕಿದೆ ಎಂದಿಟ್ಟುಕೊಳ್ಳಿ. ಬಿದ್ರಿ ಪಾತ್ರೆಯನ್ನು ಎರಕ ಹೊಯ್ಯುವುದು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಮಿಶ್ರಲೋಹದಿಂದ. ಅದರ ಮೇಲೆ ಚಿತ್ತಾರ ಕೊರೆದು ಬೆಳ್ಳಿಯ ತಂತಿ ಕೂರಿಸಿದ ಮೇಲೆ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ದ್ರಾವಣದಲ್ಲಿ ಅದ್ದುತ್ತಾರೆ. ಮಿಶ್ರಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಏಕೆ ಹೀಗೆ ಎಂಬ ಒಂದು ಪ್ರಶ್ನೆಯಿಂದ ಇಡೀ ಅಧ್ಯಾಯ ಬಿಚ್ಚಿಕೊಳ್ಳುತ್ತದೆ. ಮಿಗಿಲಾಗಿ, ಬಿದ್ರಿ ಕೆಲಸಗಾರರ ಮನೆಯ ಹುಡುಗಿ ಆ ತರಗತಿಯಲ್ಲಿದ್ದರೆ ಅಂದು ಅವಳಿಗೆ ಗೊತ್ತಿರುವುದು ಉಳಿದವರಿಗಿಂತ ಹೆಚ್ಚು. ನೌಬಾದ್‌ನ ಸುರಂಗ ಬಾವಿ ಭೂವಿಜ್ಞಾನಕ್ಕೂ ಸಿವಿಲ್ ಎಂಜಿನಿಯರಿಂಗ್‌ಗೂ ಇತಿಹಾಸಕ್ಕೂ ಪಾಠ. ಎಪಿಎಂಸಿಯ ತೊಗರಿ, ಸೋಯಾ ಧಾರಣೆ ಸಂಖ್ಯಾಶಾಸ್ತ್ರಕ್ಕೆ ಪಾಠ. ಇಲ್ಲಿ ಒಂದು ಎಚ್ಚರ ಬೇಕು: ಹುಡುಗಿಯ ಮನೆತನವನ್ನು ಎತ್ತಿ ಆಡಿ ಅವಳನ್ನು ಪ್ರದರ್ಶನಕ್ಕೆ ನಿಲ್ಲಿಸಬಾರದು. ವಿಷಯವನ್ನು ಮುಂದಿಟ್ಟರೆ ಸಾಕು, ಹೇಳಬೇಕೆನ್ನಿಸಿದರೆ ಅವಳೇ ಹೇಳುತ್ತಾಳೆ.

ಸಮಯದ ವಿಷಯವೂ ಅಷ್ಟೇ ಮುಖ್ಯ. ಊರಿಗೆ ಇರುವುದೊಂದೇ ಬಸ್ಸಾದರೆ, ಅದು ತಡವಾದ ದಿನ ಮೊದಲ ಪೀರಿಯಡ್‌ನ ಹಾಜರಿ ಹೋಗುತ್ತದೆ. ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮಾಡಿ ಬಂದವನಿಗೆ ಬೆಳಗಿನ ತರಗತಿಯಲ್ಲಿ ಕಣ್ಣು ಎಳೆಯುತ್ತದೆ. ಇವರನ್ನು ಶಿಸ್ತಿಲ್ಲದವರೆಂದು ಬಗೆಯುವ ಮೊದಲು ಕಾರಣ ವಿಚಾರಿಸಬೇಕು. ಕಿರುಪರೀಕ್ಷೆಯನ್ನು ದಿನದ ನಡುವಿನ ಪೀರಿಯಡ್‌ನಲ್ಲಿ ಇಡುವುದು, ಟಿಪ್ಪಣಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲೂ ಗ್ರಂಥಾಲಯದಲ್ಲಿ ಮುದ್ರಿತ ಪ್ರತಿಯಾಗಿಯೂ ಇಡುವುದು ಅಧ್ಯಾಪಕರಿಂದಲೇ ಆಗುವ ಕೆಲಸ. ಅಂಗವಿಕಲ ವಿದ್ಯಾರ್ಥಿಗಳ ವಿಷಯದಲ್ಲಿ ಇದು ಔದಾರ್ಯವೂ ಅಲ್ಲ, ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲಿಟ್ಟಿದೆ. ಪರೀಕ್ಷೆಯಲ್ಲಿ ಅರ್ಹರಿಗೆ ಬರಹಗಾರರ ನೆರವು ಮತ್ತು ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿಯಿದೆ. ಆಂತರಿಕ ಪರೀಕ್ಷೆಗೂ ಇದನ್ನು ಪಾಲಿಸಬೇಕು. ಕಣ್ಣು ಮಂದವಾದವರಿಗಾಗಿ ಬೋರ್ಡಿನ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದುವ ಅಭ್ಯಾಸದಿಂದ ಹಿಂದಿನ ಬೆಂಚಿನವರಿಗೂ ಲಾಭ.

ಸಾಚಾತನ ಎಂದರೆ ಏನು?

ಅಧ್ಯಾಪಕರು ಸಾಚಾ ಆಗಿರಬೇಕು ಎಂದ ಕೂಡಲೇ ಮನಸ್ಸಿಗೆ ಬಂದದ್ದನ್ನೆಲ್ಲ ಆಡುವುದು, ಸ್ವಂತ ಬದುಕಿನ ಕಥೆ ಹೇಳುವುದು, ವಿದ್ಯಾರ್ಥಿಗಳ ಗೆಳೆಯರಾಗಲು ಯತ್ನಿಸುವುದು ಎಂದು ತಿಳಿಯುವವರಿದ್ದಾರೆ. ವಯಸ್ಕರ ಶಿಕ್ಷಣದ ಬಗ್ಗೆ ಬಹುಕಾಲ ಬರೆದ ಸ್ಟೀಫನ್ ಬ್ರೂಕ್‌ಫೀಲ್ಡ್ ಪ್ರಕಾರ ವಿದ್ಯಾರ್ಥಿಗಳು ಅಧ್ಯಾಪಕರಲ್ಲಿ ಹುಡುಕುವುದು ಎರಡು ಗುಣಗಳನ್ನು: ವಿಷಯ ಬಲ್ಲವರೆಂಬ ಭರವಸೆ, ಮತ್ತು ಆಡಿದಂತೆ ನಡೆಯುವವರೆಂಬ ನಂಬಿಕೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಫಲವಿಲ್ಲ. ‘ಯಾವ ಪ್ರಶ್ನೆ ಬೇಕಾದರೂ ಕೇಳಿ’ ಎಂದು ಹೇಳಿ, ಕೇಳಿದಾಗ ಹುಬ್ಬುಗಂಟಿಕ್ಕುವವರನ್ನು ವಿದ್ಯಾರ್ಥಿಗಳು ಎರಡೇ ವಾರದಲ್ಲಿ ಗುರುತಿಸಿಬಿಡುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಮರುದಿನ ಓದಿಕೊಂಡು ಬರುವವರ ಮೇಲೆ ಗೌರವ ಹೆಚ್ಚುತ್ತದೆ. ಸೆಮಿಸ್ಟರ್‌ನ ನಡುವೆ ಹೆಸರು ಬರೆಯದ ಚೀಟಿಯಲ್ಲಿ ಮೂರು ಪ್ರಶ್ನೆ ಕೇಳಿ: ಯಾವುದು ಅರ್ಥವಾಯಿತು, ಯಾವುದು ಆಗಲಿಲ್ಲ, ನಾನು ಏನು ಬದಲಿಸಬೇಕು? ಮುಂದಿನ ತರಗತಿಯಲ್ಲಿ ಆ ಉತ್ತರಗಳನ್ನು ಹೇಳಿ, ಒಂದನ್ನಾದರೂ ಬದಲಿಸಿ. ಬದಲಿಸಲಾಗದ್ದಕ್ಕೆ ಕಾರಣ ಕೊಡಿ. ಸಾಚಾತನ ಕಣ್ಣಿಗೆ ಕಾಣುವುದು ಇಂಥಲ್ಲಿ.

ಆಕ್ಷೇಪಗಳಿಗೆ ಉತ್ತರ

ಸಿಲಬಸ್ ಮುಗಿಯುವುದಿಲ್ಲ ಎಂಬುದು ಮೊದಲ ಆಕ್ಷೇಪ. ಮುಗಿಯಿತು ಎಂದು ನಾವು ಲೆಕ್ಕ ಹಿಡಿಯುವುದು ಹೇಳಿದ್ದನ್ನೋ, ಕಲಿತದ್ದನ್ನೋ? ಅರ್ಧ ತರಗತಿಗೆ ಅರ್ಥವಾಗದ ಐದು ಘಟಕ ಮುಗಿಸುವುದಕ್ಕಿಂತ, ಓದಿಕೊಳ್ಳಬಹುದಾದ ಭಾಗವನ್ನು ಟಿಪ್ಪಣಿಯಾಗಿ ಕೊಟ್ಟು ಕಷ್ಟದ ಭಾಗಕ್ಕೆ ಸಮಯ ಕೊಡುವುದು ಉತ್ತಮ. ಮಟ್ಟ ಇಳಿಯುತ್ತದೆ ಎಂಬುದು ಎರಡನೆಯದು. ಇಲ್ಲಿ ಹೇಳಿದ ಒಂದು ಕ್ರಮವೂ ಪ್ರಶ್ನೆಪತ್ರಿಕೆಯನ್ನು ಸುಲಭ ಮಾಡು ಎನ್ನುವುದಿಲ್ಲ, ಯಾರಿಗೂ ಪುಕ್ಕಟೆ ಅಂಕ ಕೊಡು ಎನ್ನುವುದಿಲ್ಲ. ಕರುಣೆಯಿಂದ ಕೊಟ್ಟ ಅಂಕವೂ ಒಂದು ಬಗೆಯ ಅವಮಾನವೇ; ‘ನಿನ್ನಿಂದ ಇಷ್ಟೇ ಸಾಧ್ಯ’ ಎಂದು ಅದು ಹೇಳುತ್ತದೆ. ಮಟ್ಟ ಹಾಗೇ ಇರಲಿ, ಅದನ್ನು ಮುಟ್ಟುವ ದಾರಿ ಎಲ್ಲರಿಗೂ ಕಾಣಲಿ. ನೌಕರಿಗೆ ಇಂಗ್ಲಿಷ್ ಬೇಕಲ್ಲ ಎಂಬುದು ಮೂರನೆಯದು. ಬೇಕು, ಸಂಶಯವಿಲ್ಲ. ಅದಕ್ಕಾಗಿಯೇ ಪದಪಟ್ಟಿ ಇಂಗ್ಲಿಷ್‌ನಿಂದ ಆರಂಭವಾಗಬೇಕು ಎಂದದ್ದು. ವಿಷಯ ತಿಳಿದವನಿಗೆ ಅದನ್ನು ಇಂಗ್ಲಿಷ್‌ನಲ್ಲಿ ಹೇಳಲು ಕಲಿಸಬಹುದು. ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯ ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಕೈಕೊಡುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದ, ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯಬೇಕಾದವರಿಗೆ ಈ ಉಪದೇಶ ನ್ಯಾಯವೆ? ಸರ್ಕಾರ ಖಾಯಂ ಹುದ್ದೆ ತುಂಬದೆ ಅಧ್ಯಾಪಕರಿಂದ ಮಾತ್ರ ಎಲ್ಲವನ್ನೂ ನಿರೀಕ್ಷಿಸುವುದು ಅನ್ಯಾಯ, ಅದನ್ನು ಗಟ್ಟಿಯಾಗಿಯೇ ಹೇಳಬೇಕು. ಭದ್ರತೆ ಇಲ್ಲದವರು ಪ್ರಾಂಶುಪಾಲರೆದುರು ಪದ್ಧತಿ ಬದಲಿಸಿ ಎಂದು ವಾದಿಸುವುದೂ ಸುಲಭವಲ್ಲ. ಆದ್ದರಿಂದ ವೇಳಾಪಟ್ಟಿ, ಸಮಾನ ಅವಕಾಶ ಕೋಶ, ಪರೀಕ್ಷಾ ಭಾಷೆಯಂಥ ವಿಷಯಗಳನ್ನು ಎತ್ತುವ ಹೊಣೆ ಖಾಯಂ ಅಧ್ಯಾಪಕರದು, ವಿಭಾಗದ ಮುಖ್ಯಸ್ಥರದು. ಆದರೆ ಮುಖಪುಟ ಮಡಚಿ ತಿದ್ದುವುದಕ್ಕೆ, ಪ್ರಶ್ನೆ ಕೇಳಿ ಮೂರು ಸೆಕೆಂಡ್ ಕಾಯುವುದಕ್ಕೆ, ಚೀಟಿ ಬರೆಸುವುದಕ್ಕೆ ಯಾರ ಅನುಮತಿಯೂ ಬೇಡ, ಹೆಚ್ಚಿನ ಹೊತ್ತೂ ಬೇಡ.

ಬರುವ ಸೆಮಿಸ್ಟರ್‌ಗೆ ಇಷ್ಟೂ ಕ್ರಮಗಳನ್ನು ಒಟ್ಟಿಗೆ ಕೈಗೆತ್ತಿಕೊಳ್ಳಬೇಕಿಲ್ಲ. ಮೊದಲ ದಿನ ಮಾಧ್ಯಮದ ಚೀಟಿ, ಮೊದಲ ಕಿರುಪರೀಕ್ಷೆಯಲ್ಲಿ ಹೆಸರು ಕಾಣದ ಮೌಲ್ಯಮಾಪನ, ಎಂಟನೆಯ ವಾರ ಮೂರು ಪ್ರಶ್ನೆಗಳ ಅಭಿಪ್ರಾಯ, ಈ ಮೂರರಿಂದ ಆರಂಭಿಸಿ. ವಿಭಾಗದಲ್ಲಿ ಇನ್ನೊಬ್ಬರು ಜೊತೆಯಾದರೆ ಫಲಿತಾಂಶವನ್ನು ಕೂತು ಹೋಲಿಸಿ ನೋಡಿ. ಬೀದರ್‌ಗೆ ವಿಶ್ವವಿದ್ಯಾಲಯ ಬಂದದ್ದು ಜನರ ಬಹುದಿನದ ಬೇಡಿಕೆಯಿಂದ. ಅದು ಎಲ್ಲರದೂ ಆಗುವುದು ಅಧ್ಯಾಪಕರಿಂದ ಮಾತ್ರ.